ಅಮ್ಮನ ಮೈಕು

ಮಿಕ್ಸರಿನ ತಂಟೆಗೆ ಕೃಪಾವತಿ ಯಾವತ್ತೂ ಹೋದವಳಲ್ಲ. ಅದು ಮಗಳು ಹೆಪ್ಸಿಬಾಳ ಪಾಲಿನದು. ವೈರು ಸುತ್ತುವುದು, ಮೈಕುಗಳನ್ನು ಬಟ್ಟೆಚೀಲಕ್ಕೆ ಹಾಕುವುದು, ಸ್ಪೀಕರುಗಳನ್ನು ವ್ಯಾನಿಗೆ ಏರಿಸುವುದು, ಪ್ರಾರ್ಥನಾ ಕೂಟ ಶುರುವಾಗುವ ಮುಂಚೆ ಆ ನೂರೆಂಟು ಗುಂಡಿಗಳನ್ನು ಏರಿಸಿ ಇಳಿಸಿ ಎಲ್ಲರ ಸ್ವರವನ್ನು ಒಂದು ಹದಕ್ಕೆ ತರುವುದು, ಎಲ್ಲ ಅವಳೇ. ಬೇರೆಯವರು ಮುಟ್ಟಿದರೆ ಸಿಡುಕುತ್ತಾಳೆ. ಇವತ್ತು ಶನಿವಾರ, ಅವಳು ಬಚ್ಚಲಲ್ಲಿದ್ದಳು, ಗಂಡ ದೇವಮಿತ್ರ ವ್ಯಾನಿಗೆ ಡೀಸೆಲ್ ಹಾಕಿಸಲು ಹೋಗಿದ್ದ, ಅವರೆಕಾಯಿ ಸುಲಿದು ಮುಗಿದಿತ್ತು, ಕೈ ಸುಮ್ಮನಿರಲಿಲ್ಲ. ಉಪ್ಪಾರಹಳ್ಳಿಯ ಆ ಬಾಡಿಗೆ ಮನೆಯ ಹಾಲಿನಲ್ಲಿ ಸೋಫಾ ಇರಬೇಕಾದ ಕಡೆ ಸ್ಪೀಕರುಗಳಿದ್ದವು, ಟಿವಿ ಇರಬೇಕಾದ ಕಡೆ ಕೀಬೋರ್ಡು. ನಡುವೆ ಸ್ಟೂಲಿನ ಮೇಲೆ ಹಳೇ ಬೆಡ್‌ಶೀಟು ಹೊದ್ದು ಕೂತಿತ್ತು ಮಿಕ್ಸರು. ಬೆರಳಿಟ್ಟರೆ ಧೂಳು. ಥೂ, ದೇವರ ಸೇವೆಯ ಸಾಮಾನು ಹಿಂಗಾ ಇಡೋದು ಅಂದುಕೊಂಡು ಬೆಡ್‌ಶೀಟು ತೆಗೆದು ಒದ್ದೆಬಟ್ಟೆ ಹಿಂಡಿಕೊಂಡು ಬಂದಳು. ಗುಂಡಿಗಳ ಕೆಳಗೆ ಬಿಳಿ ಪಟ್ಟಿಯ ಮೇಲೆ ಹೆಪ್ಸಿಯ ದುಂಡು ಅಕ್ಷರ. ಅಪ್ಪ. ಕೀಬೋರ್ಡ್. ಪ್ಯಾಡ್. ಹೆಪ್ಸಿ. ಅಮ್ಮ. ಉಳಿದ ಗುಂಡಿಗಳೆಲ್ಲ ಬಟ್ಟೆ ತಗುಲಿದರೆ ಸಲೀಸಾಗಿ ಮೇಲೂ ಕೆಳಗೂ ಜಾರುತ್ತಿದ್ದವು. ಅಮ್ಮ ಅಂತ ಬರೆದಿದ್ದ ಗುಂಡಿ ಮಾತ್ರ ತಳ ಹಿಡಿದು ಕೂತಿತ್ತು. ಯಾರದಾದರೂ ಕೈ ತಗುಲಿ ಮೇಲೆ ಹೋಗದ ಹಾಗೆ ಅದರ ಮೇಲೆ ಅಡ್ಡಡ್ಡ ಪ್ಲಾಸ್ಟರು ಅಂಟಿಸಿತ್ತು. ಆ ಪ್ಲಾಸ್ಟರಿನ ಗುರುತು ಅವಳಿಗೆ ಸಿಕ್ಕಿತು. ಅವಳ ಕುತ್ತಿಗೆಯ ಆಪರೇಷನ್ ಆದಾಗ ಗಾಯಕ್ಕೆ ಹತ್ತಿ ಇಟ್ಟು ಅಂಟಿಸಲು ತಂದಿದ್ದ ರೋಲಿನದು. ಅಂಚೆಲ್ಲ ಕಪ್ಪಾಗಿ ಜಿಡ್ಡು ಹಿಡಿದಿತ್ತು. ನಿನ್ನೆ ಮೊನ್ನೆ ಅಂಟಿಸಿದ್ದಲ್ಲ.

ಇಪ್ಪತ್ತಾರು ವರ್ಷ ಮೈಕಿನ ಮುಂದೆ ನಿಂತವಳಿಗೆ, ಗುಂಡಿ ತಳದಲ್ಲಿದ್ದರೆ ಆ ಮೈಕಿನ ಸ್ವರ ಹೊರಗೆ ಬರುವುದಿಲ್ಲ ಅನ್ನುವಷ್ಟು ಗೊತ್ತಿತ್ತು. ಆದರೂ ಮನಸ್ಸು ತಕ್ಷಣ ಒಪ್ಪುವುದಿಲ್ಲವಲ್ಲ, ಅದು ಏನೇನೋ ನೆಪ ಹುಡುಕಿತು: ಗುಂಡಿ ಕೆಟ್ಟಿರಬೇಕು, ನನ್ನ ಮೈಕನ್ನು ಬೇರೆ ಕಡೆ ಸಿಕ್ಕಿಸಿರಬೇಕು, ಹುಡುಗಿ ಬುದ್ಧಿವಂತೆ, ಏನೋ ಮಾಡಿರುತ್ತಾಳೆ. ಹಾಗೆ ಹುಡುಕುತ್ತಿರುವಾಗಲೇ ನೆನಪಿಗೆ ಬಂತು, ದೇವರು ತನಗೆ ಮಾಡಿದ್ದನ್ನು ಜನರೆದುರು ಸಾಕ್ಷಿ ಹೇಳುವಾಗ ಮಾತ್ರ ದೇವಮಿತ್ರ ತನ್ನ ಕೈಯಲ್ಲಿರುವ ವೈರಿಲ್ಲದ ಮೈಕು ಅವಳಿಗೆ ಕೊಡುತ್ತಿದ್ದ. ಮಾತು ಮುಗಿದು ಹಾಡು ಶುರುವಾಗುವ ಮುಂಚೆ ನಗುತ್ತ ಅದನ್ನು ವಾಪಸ್ ಇಸ್ಕೊಂಡು, ಅವಳ ಭುಜ ಹಿಡಿದು ಅವಳ ಸ್ಟ್ಯಾಂಡಿನ ಮುಂದೆ ತಂದು ನಿಲ್ಲಿಸುತ್ತಿದ್ದ. ಎಷ್ಟು ಊರುಗಳಲ್ಲಿ, ಎಷ್ಟು ಜನರ ಎದುರು. ಅದನ್ನು ಪ್ರೀತಿ ಅಂದುಕೊಂಡಿದ್ದಳು ಅವಳು. ಈ ವಯಸ್ಸಿನಲ್ಲಿ ಎಲ್ಲರೆದುರು ಹೆಂಡತಿಯ ಭುಜ ಹಿಡಿಯುವ ಗಂಡ ಯಾರಿಗಿದ್ದಾನೆ ಅಂತ ಒಳಗೊಳಗೇ ಬೀಗಿದ್ದಳು. ಈಗ ಹಾಲಿನ ಮಧ್ಯೆ ಒದ್ದೆಬಟ್ಟೆ ಹಿಡಿದು ನಿಂತಾಗ ಆ ಕೈ ಭುಜದ ಮೇಲೆ ಇನ್ನೂ ಇರುವ ಹಾಗನ್ನಿಸಿ ಮೈ ಮುದುಡಿತು.

ಒಂದೂವರೆ ವರ್ಷದ ಹಿಂದೆ ಅವಳ ಥೈರಾಯ್ಡಿನ ಗಂಟು ತೆಗೆದರು. ಗಂಟು ಹೋಯಿತು, ಜೊತೆಗೆ ಸ್ವರವೂ ಹೋಯಿತು. ಸ್ವರದ ನರ ಗಂಟಿಗೇ ಅಂಟಿಕೊಂಡಿತ್ತಮ್ಮ, ಬಿಡಿಸುವಾಗ ನೊಂದಿದೆ, ಬಂದರೂ ಬರಬಹುದು ಬರದೆಯೂ ಇರಬಹುದು ಅಂತ ಡಾಕ್ಟರು ಮುಂಚೆಯೇ ಹೇಳಿದ್ದನ್ನೇ ಮತ್ತೆ ಹೇಳಿದರು, ಅವರದೇನೂ ತಪ್ಪಿರಲಿಲ್ಲ. ಮೂರು ವಾರಕ್ಕೆ ಅವಳು ಕೂಟಕ್ಕೆ ಹೋದಳು. ಅವರ ಕೂಟಗಳಲ್ಲಿ ಒಂದು ರೂಢಿ ಇತ್ತು. ವಾಸಿಯಾಗುವ ಮುಂಚೆಯೇ ವಾಸಿಯಾಯಿತು ಅಂತ ಎದ್ದು ನಿಂತು ಸಾಕ್ಷಿ ಹೇಳಬೇಕು. ಆಗಲಿ ಅಂತ ಬೇಡುವುದು ಅರೆನಂಬಿಕೆ, ಆಯಿತು ಅನ್ನುವುದೇ ಪೂರ್ತಿ ನಂಬಿಕೆ. ಒಂದು ಸಲ ಹೇಳಿದ ಮೇಲೆ ಹಿಂದೆ ತೆಗೆಯುವ ಹಾಗಿಲ್ಲ. ಇನ್ನೂ ಆಗಿಲ್ಲ ಅಂದರೆ ದೇವರು ಮಾತು ತಪ್ಪಿದ ಅಂದ ಹಾಗೆ, ಇಲ್ಲವೇ ನಿನ್ನ ನಂಬಿಕೆಯಲ್ಲಿ ಹುಳುಕಿದೆ ಅಂದ ಹಾಗೆ. ಅವಳು ಎದ್ದು, ಗಂಟಲಿನ ಗಾಯ ಇನ್ನೂ ಚುರುಗುಡುತ್ತಿರುವಾಗ, ಪಿಸುಮಾತಿನಲ್ಲಿ, ಡಾಕ್ಟರ ಕೈಯಲ್ಲಿ ಹೋದ ಸ್ವರವನ್ನು ದೇವರು ವಾಪಸ್ ಕೊಟ್ಟಿದ್ದಾನೆ ಅಂದಳು. ಹೆಂಗಸರು ಅತ್ತರು. ದೇವಮಿತ್ರ ಕೀಬೋರ್ಡಿನ ಹಿಂದೆ ಮೊಣಕಾಲೂರಿ ಕೂತುಬಿಟ್ಟ. ಅವನ ಅಳುವಿನಲ್ಲಿ ಸುಳ್ಳು ಇರಲಿಲ್ಲ, ಅದನ್ನು ಅವಳು ಇವತ್ತೂ ಆಣೆ ಮಾಡಿ ಹೇಳುತ್ತಾಳೆ. ಮುಂದಿನ ತಿಂಗಳು ಗುಬ್ಬಿಯಲ್ಲಿ ಕೂಟ. ಅವಳು ಹುಟ್ಟಿದ ಊರು, ಅವಳ ಅಪ್ಪ ಸಮಾಧಾನ ಮೇಷ್ಟ್ರು ಮೂವತ್ತು ವರ್ಷ ಹಾರ್ಮೋನಿಯಂ ನುಡಿಸಿದ ಊರು. ಅಲ್ಲಿ ಮೈಕಿನ ಮುಂದೆ ಬಾಯಿ ತೆರೆದಾಗ ಕಾಲಬುಡದ ಸಣ್ಣ ಸ್ಪೀಕರಿನಿಂದ ಅವಳದ್ದೇ ಸ್ವರ, ಇಪ್ಪತ್ತು ವರ್ಷ ಹಿಂದಿನ ಸ್ವರ, ಜೇನಿನ ಹಾಗೆ ಬಂತು. ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತ ಗುನುಗಿದರೆ ಬರುವುದು ಬರೀ ಗಾಳಿ, ಕೂಟದಲ್ಲಿ ಮಾತ್ರ ಸ್ವರ. ಇದೆಂಥ ಆಶ್ಚರ್ಯ ಅಂತ ಅವಳು ಯೋಚಿಸಲಿಲ್ಲ. ಯೋಚಿಸಲು ಹೆದರಿದಳು ಅಂತ ಈಗ ಅನ್ನಿಸುತ್ತದೆ. ದೇವರು ತನ್ನ ಸೇವೆಗೆ ಮಾತ್ರ ಸ್ವರ ಕೊಡುತ್ತಾನೆ, ನನ್ನ ಸ್ವಂತಕ್ಕಲ್ಲ ಅಂತ ಅದನ್ನೂ ಸಾಕ್ಷಿಗೆ ಸೇರಿಸಿಕೊಂಡಳು. ಮಾತಿಗೆ ಒಡಕು ಗಂಟಲು, ಹಾಡಿಗೆ ಜೇನು. ಜನಕ್ಕೆ ಇನ್ನೇನು ಬೇಕು. ಪೋಸ್ಟರುಗಳಲ್ಲಿ ಅವಳ ಫೋಟೋ ಗಂಡನಿಗಿಂತ ದೊಡ್ಡದಾಯಿತು.

ಹೆಪ್ಸಿ ತಲೆಗೆ ಟವೆಲು ಸುತ್ತಿಕೊಂಡು ಬಚ್ಚಲಿನಿಂದ ಬಂದವಳು ಹಾಲಿನ ಬಾಗಿಲಲ್ಲೇ ನಿಂತಳು. ಬೆಡ್‌ಶೀಟು ನೆಲದ ಮೇಲಿತ್ತು. ಪ್ಲಾಸ್ಟರಿನ ಒಂದು ತುದಿ ಅಮ್ಮನ ಉಗುರಿಗೆ ಸಿಕ್ಕಿ ಎದ್ದಿತ್ತು. ಹುಡುಗಿಗೆ ಇಪ್ಪತ್ತಮೂರು, ನೋಡಲು ಅಪ್ಪನ ಹಾಗೆ, ಗಂಟಲು ಮಾತ್ರ ಅಚ್ಚು ತಾಯಿಯದು. ಫೋನಿನಲ್ಲಿ ಎಷ್ಟೋ ಜನ ಅವಳನ್ನೇ ಪಾಸ್ಟರಮ್ಮ ಅಂದುಕೊಂಡು ಕಷ್ಟಸುಖ ಹೇಳಿಕೊಂಡಿದ್ದಾರೆ. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅಮ್ಮ ಎಷ್ಟು ದಿನದಿಂದ ಅಂತ ಕೇಳಿದಾಗ ತಲೆ ಬಗ್ಗಿಸಿಕೊಂಡೇ ಹೇಳಿದಳು.

"ಗುಬ್ಬಿ ಕೂಟದಿಂದ."

"ಮೊದಲನೇದ್ರಿಂದ್ಲಾ?"

"ಹೂಂ. ಅವತ್ತು ಪಲ್ಲವೀಲೇ ನಿನ್ನ ಸ್ವರ ಒಡೀತಮ್ಮ. ಅಪ್ಪ ನನ್ನ ಕಡೆ ನೋಡಿದ್ರು. ನಿಂದು ಇಳಿಸಿ ನಂದು ಏರಿಸ್ದೆ. ಅದೊಂದು ಹಾಡಿಗೆ ಅಂದ್ಕೊಂಡಿದ್ದೆ. ನೀನು ಸ್ಟೇಜಿಂದ ಇಳಿದು ಬಂದು ನನ್ನ ಎರಡೂ ಕೈ ಹಿಡ್ಕೊಂಡು, ಬಂತು ಕಣೇ ಹೆಪ್ಸಿ, ಸ್ವರ ಬಂತು ಅಂದೆ. ಆಮೇಲೆ ನಾನು ಹೆಂಗೆ ಹೇಳ್ಲಿ?"

ಕೃಪಾವತಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಮಗಳ ಕೈ ತಣ್ಣಗಿದ್ದದ್ದು, ಮಗಳು ಅಳುತ್ತಿದ್ದದ್ದು, ತಾನು ಅದನ್ನು ಆನಂದಬಾಷ್ಪ ಅಂದುಕೊಂಡು ಸೆರಗಿನಿಂದ ಒರೆಸಿದ್ದು. ಹದಿನೈದು ತಿಂಗಳು ಈ ಮಗು ತನ್ನ ಬೆನ್ನ ಹಿಂದೆ ನಿಂತು, ತಾನು ಎಲ್ಲಿ ಉಸಿರು ತೆಗೆಯುತ್ತೇನೋ ಅಲ್ಲೇ ಉಸಿರು ತೆಗೆದು, ತಾನು ಎಲ್ಲಿ ಎಳೆಯುತ್ತೇನೋ ಅಲ್ಲೇ ಎಳೆದು ಹಾಡಿದೆ. ಕೂಟ ಮುಗಿದ ಮೇಲೆ ಜನ ಬಂದು ಅಮ್ಮನ ಕೈ ಕಣ್ಣಿಗೊತ್ತಿಕೊಳ್ಳುತ್ತಿದ್ದರೆ ಪಕ್ಕದಲ್ಲಿ ಕೂತು ವೈರು ಸುತ್ತಿದೆ. ಅಂಥದ್ದರಲ್ಲಿ ಒಂದು ಸಲ, ಬೆಳ್ಳಾವಿಯ ಕೂಟ ಮುಗಿಸಿ ಬರುವಾಗ, ನೀನೂ ಸ್ವಲ್ಪ ಮನಸ್ಸಿಟ್ಟು ಅಭ್ಯಾಸ ಮಾಡಿದರೆ ನನ್ನ ಹಾಗೆ ಹಾಡಬಹುದು ಕಣೇ ಅಂತ ಬುದ್ಧಿ ಹೇಳಿದ್ದಳು. ಅದು ನೆನಪಾದದ್ದೇ ತಡ ಅವಳಿಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಹೆಪ್ಸಿ ಅವತ್ತು ಹೂಂ ಅಮ್ಮ ಅಂದಿದ್ದಳು, ಅಷ್ಟೇ. ಕೃಪಾವತಿ ಬೈಯಬೇಕು ಅಂದುಕೊಂಡಳು. ತಲೆ ಒಣಗಿಸ್ಕೋ, ಶೀತ ಆಗುತ್ತೆ ಅಂದು ಅಡುಗೆಮನೆಗೆ ಹೋದಳು.

ಅವರೆಕಾಳಿನ ಹುಳಿ ಕುದಿಯುತ್ತಿತ್ತು. ಒಲೆಯ ಮುಂದೆ ನಿಂತಾಗ ಇನ್ನೊಂದು ವಿಷಯ ತಲೆಗೆ ಬಂತು. ಬಂತು ಅನ್ನುವುದಕ್ಕಿಂತ, ಬೆಳಿಗ್ಗೆಯಿಂದ ಬಾಗಿಲಲ್ಲಿ ಕಾಯುತ್ತಿದ್ದದ್ದು ಈಗ ಒಳಗೆ ಕಾಲಿಟ್ಟಿತು. ಮಧ್ಯಾಹ್ನ ಕುಣಿಗಲ್ಲಿಗೆ ಹೋಗಬೇಕು. ಮಂಗಳಗೌರಿಯ ಮನೆಗೆ.

ಅವಳು ಬಟ್ಟೆ ಹೊಲಿಯುವವಳು. ಹೋದ ಫೆಬ್ರವರಿಯಲ್ಲಿ ಕುಣಿಗಲ್ ಕೂಟಕ್ಕೆ ಪಕ್ಕದ ಮನೆಯವರ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಶಿವದಾರ. ಕೂಟಕ್ಕೆ ಬರುವವರು ಹಾಗೆ ಬರುವುದು ಕಡಿಮೆ, ಅದಕ್ಕೇ ಕೃಪಾವತಿಯ ಕಣ್ಣಿಗೆ ಬಿದ್ದಿದ್ದಳು. ಎಲ್ಲ ಮುಗಿದ ಮೇಲೆ ಹತ್ತಿರ ಬಂದು, ಅಕ್ಕ, ನಂಗೂ ಅದೇ ಗಂಟು, ಮುಟ್ಟಿ ನೋಡಿ ಅಂತ ಕುತ್ತಿಗೆ ಎತ್ತಿ ತೋರಿಸಿದಳು. ಆಮೇಲೆ ಅವಳೇ ಕೈ ಚಾಚಿ ಕೃಪಾವತಿಯ ಗಂಟಲಿನ ಗಾಯದ ಗೆರೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿದಳು, ಅಳತೆ ತೆಗೆಯುವವರ ಹಾಗೆ, ನಿಧಾನಕ್ಕೆ. ಕುಯ್ಸಿಕೊಂಡ್ರೆ ನನ್ನ ಮಾತೂ ಹೋಗುತ್ತಾ ಅಕ್ಕ, ಆಸ್ಪತ್ರೆಗೆ ಹೋಗಲೋ ಬೇಡವೋ ಅಂತ ಕೇಳಿದಳು. ಕೂಟ ಆಗತಾನೇ ಮುಗಿದಿತ್ತು. ಮೈ ಬಿಸಿಯಾಗಿತ್ತು, ಕಿವಿಯಲ್ಲಿ ಜೇನು ಇನ್ನೂ ಹರಿಯುತ್ತಿತ್ತು, ಸುತ್ತ ಜನ ನಿಂತಿದ್ದರು. ಕೃಪಾವತಿ ಅಂದಳು: ನಾನು ಮೊದಲು ಕತ್ತಿಯ ಹತ್ರ ಹೋದೆ, ಆಮೇಲೆ ದೇವರ ಹತ್ರ ಬಂದೆ, ನೀನು ಪುಣ್ಯವಂತೆ ಕಣಮ್ಮ, ಮೊದಲೇ ಬಂದಿದೀಯ. ಹೋಗಬೇಡ ಅಂತ ಬಾಯಿಬಿಟ್ಟು ಹೇಳಲಿಲ್ಲ. ಈ ಹತ್ತು ತಿಂಗಳಲ್ಲಿ ಇದೊಂದು ಸಮಾಧಾನವನ್ನು ಅವಳು ಎಷ್ಟು ಸಲ ತಿರುವಿ ಹಾಕಿದ್ದಾಳೋ. ಹೋಗಬೇಡ ಅಂತ ನಾನು ಹೇಳಲಿಲ್ಲ. ಮಂಗಳಗೌರಿ ಹೋಗಲಿಲ್ಲ, ಅಷ್ಟೇ. ಪ್ರತಿ ಕೂಟಕ್ಕೂ ಬಂದಳು, ಮುಂದಿನ ಸಾಲಿಗೆ ಬಂದಳು, ಅವಳ ನಂಬಿಕೆ ನೋಡಿ ಕಲೀರಿ ಅಂತ ದೇವಮಿತ್ರ ಎಲ್ಲರಿಗೂ ಹೇಳಿದ. ದೀಪಾವಳಿಯ ಹೊತ್ತಿಗೆ ನುಂಗಲು ಕಷ್ಟವಾಯಿತು. ಗಂಡ ಎಳೆದುಕೊಂಡು ಹೋಗಿ ತೋರಿಸಿದಾಗ, ಗಂಟು ಉಸಿರಿನ ಕೊಳವೆಯನ್ನು ಸುತ್ತಿದೆ, ಇನ್ನು ಕತ್ತಿ ಹಾಕುವ ಹಾಗಿಲ್ಲ ಅಂದರು. ಈಗ ಗಂಜಿ ಮಾತ್ರ. ನಿನ್ನೆ ಗಂಡ ಸದಾಶಿವಯ್ಯ ಫೋನು ಮಾಡಿದ್ದ. ನಿಮ್ಮ ಹಾಡು ಕೇಳಬೇಕಂತೆ ಅಮ್ಮಾವ್ರೇ, ಫೋನಿನಲ್ಲಿ ಹಾಕಿದ್ರೆ ಬೇಡ ಅಂತಾಳೆ, ಹತ್ರದಿಂದ ಕೇಳಬೇಕಂತೆ.

ವ್ಯಾನು ಹೆಬ್ಬೂರು ದಾಟಿತು. ಹಿಂದೆ ಸ್ಪೀಕರುಗಳು ತಿರುವಿನಲ್ಲೆಲ್ಲ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಸಂಜೆ ಬಟವಾಡಿಯಲ್ಲಿ ಕೂಟ, ಕುಣಿಗಲ್ಲಿನಿಂದ ನೇರ ಅಲ್ಲಿಗೇ ಹೋಗುವುದು ಅಂತ ಎಲ್ಲ ಏರಿಸಿಕೊಂಡೇ ಹೊರಟಿದ್ದರು. ಹೊಲಗಳಲ್ಲಿ ರಾಗಿ ಕೊಯ್ಲಾಗಿ ಮೆದೆ ಎದ್ದಿತ್ತು. ಹೆಪ್ಸಿ ಅಪ್ಪನಿಗೆ ಹೇಳಿದ್ದಾಳೆ ಅಂತ ಕೃಪಾವತಿಗೆ ಗೊತ್ತಾಗಿತ್ತು, ಊಟಕ್ಕೆ ಕೂತಾಗ ಅವನು ಉಪ್ಪು ಕಡಿಮೆಯಾಗಿದ್ದನ್ನೂ ಹೇಳದೆ ಎರಡು ಸಲ ಹಾಕಿಸಿಕೊಂಡು ತಿಂದಿದ್ದ. ಕೃಪಾವತಿಗೆ ತಾನು ಒಂಬತ್ತು ವರ್ಷದವಳಿದ್ದಾಗಿನದು ನೆನಪಾಯಿತು: ಗುಬ್ಬಿಯ ಚರ್ಚಿನಲ್ಲಿ ಕ್ರಿಸ್ಮಸ್ ದಿನ ಹಾಡಿನ ಮೂರನೇ ಚರಣ ಮರೆತು ಅವಳು ಸುಮ್ಮನೆ ತುಟಿ ಆಡಿಸಿದ್ದಳು. ಇಪ್ಪತ್ತು ಮಕ್ಕಳ ನಡುವೆ ಯಾರಿಗೆ ಗೊತ್ತಾಗುತ್ತೆ ಅಂದುಕೊಂಡಿದ್ದಳು. ಅಪ್ಪ ಹಾರ್ಮೋನಿಯಂ ಮೇಲಿನಿಂದ ತಲೆಯನ್ನೇ ಎತ್ತಲಿಲ್ಲ. ಮಾರನೇ ದಿನ ಅವಳನ್ನು ಖಾಲಿ ಚರ್ಚಿಗೆ ಕರೆದುಕೊಂಡು ಹೋಗಿ ಬೆಂಚುಗಳ ಮುಂದೆ ಒಬ್ಬಳನ್ನೇ ನಿಲ್ಲಿಸಿ, ಈಗ ಹಾಡು ಅಂದರು. ತಪ್ಪು ಹಾಡಿದಳು. ಬೈಯಲಿಲ್ಲ. ತಪ್ಪಿದ್ರೂ ಪರವಾಗಿಲ್ಲ ಮಗಳೇ, ನೀನು ಹಾಡದೇ ಇದ್ದದ್ದು ನಂಗೆ ಕೇಳ್ಸಿತು ಅಂದರು. ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ಗುಬ್ಬಿಯ ಕೂಟದ ದಿನ ಅಪ್ಪ ಇದ್ದಿದ್ದರೆ ಅಂತ ಎಲ್ಲರೆದುರು ಕಣ್ಣೀರು ಹಾಕಿದ್ದಳಲ್ಲ, ಸದ್ಯ, ಇರಲಿಲ್ಲ ಅಂತ ಈಗ ಕಿಟಕಿಯ ಕಡೆ ಮುಖ ಮಾಡಿಕೊಂಡಳು.

ಅಷ್ಟರಲ್ಲಿ ದೇವಮಿತ್ರ ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಬಾಯಿ ಬಿಟ್ಟ.

"ಮೋಸ ಮಾಡ್ಬೇಕು ಅಂತ ಮಾಡ್ಲಿಲ್ಲ ಕೃಪಾ. ಸ್ವರ ಬರುತ್ತೆ ಅಂತ ನಂಬಿದ್ದೆ. ಬರೋವರ್ಗೆ ತಾನೆ ಅಂದ್ಕೊಂಡೆ."

ಅವಳು ಅವನ ಕಡೆ ನೋಡಿದಳು. ಅವನ ಕಿವಿಯ ಹಿಂದಿನ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಯಾವಾಗ ಆಯಿತೋ. ಇವನನ್ನು ದ್ವೇಷ ಮಾಡಬೇಕು ಅಂತ ಬೆಳಿಗ್ಗೆಯಿಂದ ಪ್ರಯತ್ನ ಮಾಡುತ್ತಿದ್ದಳು, ಆಗುತ್ತಿರಲಿಲ್ಲ. ಅವನು ಪೂರ್ತಿ ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು. ಎಲ್ಲ ಅವನ ತಲೆಗೆ ಕಟ್ಟಿ ತಾನು ಆರಾಮಾಗಿ ಅಳಬಹುದಿತ್ತು. ಆದರೆ ಮಂಗಳಗೌರಿಗೆ ಆ ಮಾತು ಹೇಳಿದ್ದು ಅವನಲ್ಲ, ಹೆಪ್ಸಿಯಲ್ಲ, ಮಿಕ್ಸರಲ್ಲ. ಪುಣ್ಯವಂತೆ ಕಣಮ್ಮ. ಆ ಮಾತಿನ ರುಚಿ ಇನ್ನೂ ನಾಲಿಗೆಯ ಮೇಲಿತ್ತು. ದೇವಮಿತ್ರ ಮತ್ತೆ ಶುರುಮಾಡಿದ. ನಿನಗೆ ಏನು ಹೇಳಬೇಕು ಅನ್ನಿಸುತ್ತೋ ಆಮೇಲೆ ಹೇಳು, ಬೇಕಾದರೆ ಸಂಜೆ ಬಟವಾಡಿಯಲ್ಲಿ ಸಾವಿರ ಜನರ ಮುಂದೆ ಹೇಳು, ನಾನು ತಡೆಯಲ್ಲ. ಇವತ್ತು ಆ ಹೆಣ್ಣುಮಗಳ ಮುಂದೆ ಬೇಡ. ಅವಳಿಗೆ ಇರುವುದು ಅದೊಂದೇ. ಹೆಪ್ಸಿ ನಿನ್ನ ಹಿಂದೆಯೇ ನಿಂತಿರುತ್ತಾಳೆ, ರೂಮು ಚಿಕ್ಕದು, ಮಂಗಳಗೌರಿಗೆ ಕಣ್ಣು ಬೇರೆ ಸರಿಯಾಗಿ ಬಿಡೋಕಾಗಲ್ಲವಂತೆ. ಅಂದರೆ ಅಷ್ಟೂ ಯೋಚನೆ ಮಾಡಿಟ್ಟಿದ್ದಾನೆ. ಕೃಪಾವತಿಗೆ ಅಸಹ್ಯವಾಯಿತು, ಅದರ ಜೊತೆಗೇ ಅವನು ಹೇಳುವುದು ಸರಿ ಅಂತಲೂ ಅನ್ನಿಸಿತು. ಸಾಯುವವಳ ಕೈಯಿಂದ ಕೋಲು ಕಿತ್ತುಕೊಂಡು ಯಾವ ಸತ್ಯ ಉದ್ಧಾರ ಮಾಡಬೇಕು? ಸತ್ಯ ಹೇಳಿ ಹಗುರಾಗುವುದು ತಾನು ತಾನೇ, ಅವಳಲ್ಲವಲ್ಲ. ಹೂಂ ಅಂದಳು. ಹಿಂದಿನ ಸೀಟಿನಲ್ಲಿ ಹೆಪ್ಸಿ ಮೂಗು ಏರಿಸಿದ ಸದ್ದು ಕೇಳಿತು.

ಮನೆ ಕುಣಿಗಲ್ ಕೆರೆಯ ಕಡೆಗೆ ಹೋಗುವ ಬೀದಿಯಲ್ಲಿ, ಎರಡು ರೂಮಿನದು. ಹೊರಗೆ ಬೋರ್ಡು ಇನ್ನೂ ಇತ್ತು: ಇಲ್ಲಿ ಬ್ಲೌಸ್, ಚೂಡಿದಾರ್ ಹೊಲಿದು ಕೊಡಲಾಗುವುದು. ಸದಾಶಿವಯ್ಯ ಬಾಗಿಲಲ್ಲೇ ಕಾಯುತ್ತಿದ್ದ. ತೆಳ್ಳಗಿನ ಮನುಷ್ಯ, ಹಣೆಯ ತುಂಬ ವಿಭೂತಿ, ಮೂರು ದಿನದ ಗಡ್ಡ. ಕಾಲು ತೊಳೆಯಲು ನೀರು ಕೊಟ್ಟ. ಅವನು ಒಂದು ಕೂಟಕ್ಕೂ ಬಂದವನಲ್ಲ, ಹೆಂಡತಿಯನ್ನು ತಡೆದವನೂ ಅಲ್ಲ. ನೀರಿನ ಚೊಂಬು ಹಿಡಿದುಕೊಂಡೇ ಅವನು ಹೇಳಿದ: ಅವಳು ಯಾವ ದೇವರ ಹೆಸರು ಹೇಳಿದ್ರೂ ಸರಿ, ಉಳಿದ್ರೆ ಸಾಕು ಅಂತಿದ್ದೆ ಅಮ್ಮಾವ್ರೇ. ಅದರಲ್ಲಿ ಆಪಾದನೆ ಇದೆಯಾ ಅಂತ ಕೃಪಾವತಿ ಅವನ ಮುಖ ನೋಡಿದಳು. ಇರಲಿಲ್ಲ. ಇದ್ದಿದ್ದರೆ ಒಳಗೆ ಕಾಲಿಡುವುದು ಸುಲಭವಾಗುತ್ತಿತ್ತು.

ರೂಮಿನಲ್ಲಿ ಹೊಲಿಗೆ ಮೆಷಿನ್ನಿನ ಮೇಲೆ ಔಷಧಿ ಬಾಟಲಿಗಳು. ಗೋಡೆಯ ಮೊಳೆಗೆ ಅಳತೆ ಟೇಪು ನೇತುಹಾಕಿತ್ತು. ಮಂಚದ ಮೇಲೆ ದಿಂಬುಗಳಿಗೆ ಒರಗಿ ಅರ್ಧ ಕೂತ ಹಾಗಿದ್ದಳು ಮಂಗಳಗೌರಿ. ಮಲಗಿದರೆ ಉಸಿರು ಕಟ್ಟುತ್ತದಂತೆ. ಕುತ್ತಿಗೆ ಎಲ್ಲಿ ಮುಗಿದು ಗದ್ದ ಎಲ್ಲಿ ಶುರುವಾಗುತ್ತದೆ ಅಂತ ತಿಳಿಯದ ಹಾಗೆ ಬಾವು. ಮೂವತ್ತೆಂಟು ವರ್ಷದ ಹೆಂಗಸು, ಮುಖ ಹುಡುಗಿಯ ಹಾಗೆ ಚಿಕ್ಕದಾಗಿಹೋಗಿತ್ತು. ಇವರನ್ನು ನೋಡಿ ನಕ್ಕಳು. ನಗುವಿಗೆ ಸದ್ದು ಇರಲಿಲ್ಲ. ಕೃಪಾವತಿ ಮಂಚದ ಅಂಚಿಗೆ ಕೂತಳು, ಹೆಪ್ಸಿ ಅವಳ ಬೆನ್ನಿಗೆ ಅಂಟಿದ ಹಾಗೆ ನಿಂತಳು, ದೇವಮಿತ್ರ ತಲೆಯ ಕಡೆ ನಿಂತು ಸಣ್ಣಗೆ ಪ್ರಾರ್ಥನೆ ಮಾಡಿದ. ಅವನ ಪ್ರಾರ್ಥನೆಯಲ್ಲಿ ಇವತ್ತು ವಾಸಿಯಾಯಿತು ಅನ್ನುವ ಮಾತು ಬರಲಿಲ್ಲ. ಕರುಣೆ ತೋರಿಸು ಅಂತ ಮಾತ್ರ ಎರಡು ಮೂರು ಸಲ ಅಂದ. ಬಾಗಿಲ ಹತ್ತಿರ ಸದಾಶಿವಯ್ಯ ಕೈಕಟ್ಟಿ ನಿಂತಿದ್ದ. ಯಾವ ಹಾಡು ಅಂತ ಕೇಳುವ ಹಾಗೇ ಇರಲಿಲ್ಲ. ಗುಬ್ಬಿಯಲ್ಲಿ ಕೃಪಾವತಿಯ ಅಪ್ಪ ಕಟ್ಟಿದ್ದು, ಅವಳು ಎಲ್ಲ ಕಡೆ ಸಾಕ್ಷಿಯಾದ ಮೇಲೆ ಹಾಡುತ್ತಿದ್ದದ್ದು. ದೇವಮಿತ್ರ ಆಮೆನ್ ಅಂದ ಕೂಡಲೇ ಮಂಗಳಗೌರಿ ಹೊದಿಕೆಯಿಂದ ಕೈ ಹೊರಗೆ ತೆಗೆದು ಕೃಪಾವತಿಯ ಕಡೆ ಚಾಚಿದಳು. ಕೈ ಹಿಡಿಯಬೇಕೇನೋ ಅಂತ ಇವಳು ಹಿಡಿಯಲು ಹೋದಳು. ಮಂಗಳಗೌರಿ ಅಲ್ಲ ಅನ್ನುವ ಹಾಗೆ ಬಿಡಿಸಿಕೊಂಡು ಬೆರಳುಗಳನ್ನು ಅವಳ ಗಂಟಲಿನ ಗಾಯದ ಗೆರೆಯ ಮೇಲೆ ಇಟ್ಟಳು.

"ಹಾಡುವಾಗ ಹೆಂಗಿರುತ್ತೆ ಅಂತ ನೋಡ್ಬೇಕು ಅಕ್ಕ" ಅಂದಳು. ಪಿಸುಮಾತು, ಅದೂ ನಡುನಡುವೆ ತುಂಡಾಗಿ.

ಬೆನ್ನ ಹಿಂದೆ ಹೆಪ್ಸಿ ಆಗಲೇ ಉಸಿರು ಎಳೆದುಕೊಂಡಿದ್ದಳು. ಹದಿನೈದು ತಿಂಗಳ ಅಭ್ಯಾಸ, ಅಮ್ಮನ ಭುಜ ಏರಿದರೆ ಸಾಕು. *ಬಾಗಿಲ ಹೊರಗೆ ನಿಂತವನೇ, ನನ್ನ ಹೆಸರು ಹಿಡಿದು ಕರೆದವನೇ.* ಸ್ವರ ಆ ಚಿಕ್ಕ ರೂಮನ್ನು ತುಂಬಿತು. ಎಂಥ ಸ್ವರ. ಮೈಕಿಲ್ಲದೆ, ಸ್ಪೀಕರಿಲ್ಲದೆ, ಮಗಳ ಸ್ವರವನ್ನು ಮಗಳದ್ದೇ ಅಂತ ಗೊತ್ತಿದ್ದು ಕೃಪಾವತಿ ಕೇಳಿದ್ದು ಅದೇ ಮೊದಲು. ಹೆಮ್ಮೆಯೋ ಹೊಟ್ಟೆಸಂಕಟವೋ, ಏನೋ ಒಂದು ಮೇಲೆದ್ದು ಬಂತು. ಅವಳು ತುಟಿ ಆಡಿಸಿದಳು. ಬಾಗಿಲಲ್ಲಿ ಸದಾಶಿವಯ್ಯ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಗಂಟಲ ಮೇಲಿನ ಬೆರಳುಗಳು ಕಾಯುತ್ತಿದ್ದವು. ಮೊದಲು ಮೆಲ್ಲಗೆ ಇದ್ದವು, ಆಮೇಲೆ ಒಂಚೂರು ಒತ್ತಿದವು, ಆಮೇಲೆ ಸ್ವಲ್ಪ ಮೇಲಕ್ಕೆ ಸರಿದು ಅಲ್ಲಿ ಒತ್ತಿ ನೋಡಿದವು. ಇಪ್ಪತ್ತು ವರ್ಷ ಹೊಲಿದು ಕತ್ತಲೆಯಲ್ಲೂ ಬಟ್ಟೆಯ ಒಳಹೊಲಿಗೆ ಮುಟ್ಟಿ ಹೇಳಬಲ್ಲ ಬೆರಳುಗಳು ಅವು. ಮಂಗಳಗೌರಿ ಕಣ್ಣು ಮುಚ್ಚಿದ್ದಳು. ಅವಳ ಹುಬ್ಬು ಸಣ್ಣಗೆ ಕೂಡಿತು, ಸೂಜಿಗೆ ದಾರ ಪೋಣಿಸುವವರದ್ದು ಕೂಡುವ ಹಾಗೆ. ನೀನು ಹಾಡದೇ ಇದ್ದದ್ದು ನಂಗೆ ಕೇಳ್ಸಿತು. ಅಪ್ಪನ ಆ ಮಾತು ಬಿಟ್ಟು ಕೃಪಾವತಿಗೆ ಬೇರೇನೂ ತೋಚಲಿಲ್ಲ. ವ್ಯಾನಿನಲ್ಲಿ ಮಾಡಿದ ಯೋಚನೆ, ಹೂಂ ಅಂದದ್ದು, ಸಾಯುವವಳ ಕೋಲು, ಯಾವುದೂ ನೆನಪಿಗೆ ಬರಲಿಲ್ಲ. ಕೈಯನ್ನು ಹಿಂದಕ್ಕೆ ಚಾಚಿ ಮಗಳ ಮೊಣಕೈ ಹಿಡಿದು ಅದುಮಿದಳು. ಹಾಡು ನಿಂತಿತು. ತುಂಬಿದ ರೂಮು ಒಮ್ಮೆಲೇ ಖಾಲಿಯಾಗಿ, ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದದ್ದು ಕೇಳಿತು.

ಅವಳು ಹಾಡಿದಳು. *ಬಾಗಿಲ ಹೊರಗೆ.* ಮೊದಲು ಬರೀ ಗಾಳಿ ಬಂತು. ನಿಂತವನೇ ಅನ್ನುವಲ್ಲಿ ಗಾಳಿಗೆ ಒಂದು ಕರಕರ ಸೇರಿತು, ತೂತು ಬಿದ್ದ ಸೋರೆಬುರುಡೆಯನ್ನು ಊದಿದ ಹಾಗೆ. ಹೆಸರು ಅನ್ನುವಲ್ಲಿ ಮೇಲೆ ಹೋಗಬೇಕು, ಹೋಗಲು ನೋಡಿ ಎರಡಾಗಿ ಸೀಳಿ ಬಿದ್ದುಹೋಯಿತು. ದೇವಮಿತ್ರ ಗೋಡೆಯ ಕಡೆ ತಿರುಗಿದ. ಸದಾಶಿವಯ್ಯ ಟವೆಲನ್ನು ಮುಖದಿಂದ ಇಳಿಸಿ, ಏನಾಯಿತು ಅಂತ ತಿಳಿಯದೆ ಒಬ್ಬೊಬ್ಬರನ್ನೇ ನೋಡಿದ. ಬೆರಳುಗಳ ಕೆಳಗೆ ಅವಳ ಗಂಟಲು ಈಗ ಅದುರುತ್ತಿತ್ತು. ಮಂಗಳಗೌರಿ ಕಣ್ಣು ತೆರೆದಳು. ಬೈಯುತ್ತಾಳೆ ಅಂತ ಕೃಪಾವತಿ ಕಾದಳು, ಅಳುತ್ತಾಳೆ ಅಂತ ಕಾದಳು, ಕೈ ಎಳೆದುಕೊಳ್ಳುತ್ತಾಳೆ ಅಂತ ಕಾದಳು. ಮಂಗಳಗೌರಿ ಎಳೆದುಕೊಳ್ಳಲಿಲ್ಲ. ಅಷ್ಟು ಹತ್ತಿರದಿಂದ, ಏನೋ ಮರೆತದ್ದನ್ನು ಜ್ಞಾಪಿಸಿಕೊಂಡು ಹೇಳುವವಳ ಹಾಗೆ, ಹೇಳಿದಳು.

"ನಂಗೆ ಆಪರೇಷನ್ನಿಗೆ ಡೇಟ್ ಕೊಟ್ಟಿದ್ರು ಅಕ್ಕ. ಶಿವರಾತ್ರಿ ಆದ್ಮೇಲೆ, ಬುಧವಾರ. ಬೆಳಿಗ್ಗೆ ಏನೂ ತಿನ್ದೆ ಬರ್ಬೇಕು ಅಂತ ಚೀಟೀಲಿ ಬರ್ಕೊಟ್ಟಿದ್ರು."

ಅಷ್ಟು ಹೇಳುವುದಕ್ಕೇ ಅವಳ ಉಸಿರು ಮೇಲುಮೇಲಕ್ಕೆ ಬಂತು. ಸದಾಶಿವಯ್ಯ ಓಡಿ ಬಂದು ದಿಂಬು ಸರಿಮಾಡಿದ. ಕೃಪಾವತಿಯ ಬಾಯಿ ತೆರೆದಂತೆಯೇ ಇತ್ತು. ಕ್ಷಮಿಸು ಅನ್ನಬೇಕು. ಆ ಮಾತನ್ನು ಸಾವಿರ ಜನರ ಮುಂದೆ ಎಷ್ಟು ಸಲೀಸಾಗಿ ಹೇಳುತ್ತಿದ್ದಳು, ಪಾಪಿಯಾದ ನನ್ನನ್ನು ಕ್ಷಮಿಸು ಅಂತ, ರಾಗವಾಗಿ. ಈಗ ನಾಲಿಗೆ ಏಳಲಿಲ್ಲ. ಹಿಂದೆ ಹೆಪ್ಸಿ ಅಳುತ್ತಿದ್ದಳು, ಈ ಸಲ ಒರೆಸುವವರು ಯಾರೂ ಇರಲಿಲ್ಲ.

"ನಿಲ್ಲಿಸ್ಬೇಡಿ" ಅಂದಳು ಮಂಗಳಗೌರಿ. "ಪೂರ್ತಿ ಹಾಡಿ. ನಿಮ್ಮ ಸ್ವರದಲ್ಲೇ."

ಬೆರಳುಗಳು ಅಲ್ಲೇ ಇದ್ದವು. ಕೃಪಾವತಿ ಮೊದಲಿನಿಂದ ಶುರುಮಾಡಿದಳು. ಅಪ್ಪ ಆ ಹಾಡಿಗೆ ನಾಲ್ಕು ಚರಣ ಕಟ್ಟಿದ್ದರು. ಒಂದನ್ನೂ ಅವಳು ಮರೆತಿರಲಿಲ್ಲ.